ಊಟದ ದುಡ್ಡು ಮೊದಲೇ ಕಟ್ಟಿದರೆ ಭಕ್ಷೀಸು ಬೇರೆಯೇ?

ಶಾಗ್ಯದ ಸೋದರಿಯೊಬ್ಬರು ಕೇಳಿದ್ದಾರೆ: “ರಜಕ್ಕೆ ಬಿಳಿಗಿರಿರಂಗನ ಬೆಟ್ಟದಾಚೆ ಕೆ. ಗುಡಿಯ ಜಂಗಲ್ ಲಾಡ್ಜಸ್ ಶಿಬಿರಕ್ಕೆ ಹೋಗ್ತೀವಿ. ಇರೋಕೆ, ಉಣ್ಣೋಕೆ, ಕಾಡು ಸುತ್ತೋಕೆ ಒಟ್ಟಿಗೇ ಹಣ ಕಟ್ಟಿಯಾಗಿದೆ. ಬಡಿಸೋರಿಗೆ ಮತ್ತೆ ಕೊಡಬೇಕಾ?”

ಕೊಡಲೇಬೇಕೆಂದಿಲ್ಲ ಕಣಮ್ಮಾ. ನೀವು ಕಟ್ಟಿದ್ದು ಅನ್ನ, ಸಾರು, ಹಾಸಿಗೆ, ಜೀಪಿನ ಬಾಬ್ತು. ಭಕ್ಷೀಸು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಎಲ್ಲೇ ಉಳಿಯಿರಿ, ರಸೀದಿಯನ್ನೊಮ್ಮೆ ಓದಿ. ಹೋಟೆಲಿನವರು ತಾವಾಗಿ ‘ಸರ್ವಿಸ್ ಚಾರ್ಜ್’ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಸಿ, ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ. (ಜಿಎಸ್‌ಟಿ ಬೇರೆ, ಅದಕ್ಕೆ ಜಗಳವಾಡಬೇಡಿ!)

ಕೊಡುವ ಮನಸ್ಸಿದ್ದರೆ ಹೊರಡುವ ದಿನ ಒಂದೇ ಸಲ ಕೊಡಿ. ಊಟ ಊಟಕ್ಕೂ ಹತ್ತಿಪ್ಪತ್ತು ಕೊಟ್ಟರೆ ಅದು ಬಡಿಸಿದವನ ಕೈಗಷ್ಟೇ ಸೇರುತ್ತದೆ. ಒಲೆ ಮುಂದೆ ಬೆಂದವರು, ರಾಶಿ ಪಾತ್ರೆ ತಿಕ್ಕಿದವರು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಆ ಕಷ್ಟ ನಮಗಲ್ಲದೆ ಇನ್ಯಾರಿಗೆ ಗೊತ್ತು? ಎಲ್ಲರಿಗೂ ಹಂಚುವ ಡಬ್ಬಿ ಇದೆಯೇ ಎಂದು ವಿಚಾರಿಸಿ, ಅದಕ್ಕೇ ಹಾಕಿ. ಯಜಮಾನರು “ಎಲ್ಲಾ ಕಟ್ಟಿದೀವಲ್ಲೇ” ಎಂದು ಗೊಣಗುವವರಾದರೆ, ಸಾಸಿವೆ ಡಬ್ಬಿಯಿಂದ 200 ರೂಪಾಯಿ ನೀವೇ ಎತ್ತಿಟ್ಟುಕೊಂಡು ಹೊರಡಿ.