ಎರಡು ಒಲೆಗಳ ಲೆಕ್ಕ



ಊರಿನಿಂದ ಯಾರೇ ಬರಲಿ, ವಡಾಲದ ನಮ್ಮ ಖೋಲಿಗಳಲ್ಲಿ ಕ್ಷೇಮಸಮಾಚಾರದ ಬಳಿಕ ಬರುವ ಮಾತು ಜೀನಸಿನ ಕ್ರಯದ್ದೇ. ಊರಲ್ಲಿ ಬೆಲ್ಲಕ್ಕೆಷ್ಟು, ಇಲ್ಲೆಷ್ಟು? ಕಾಯಿಗೆಷ್ಟು? ಈ ಹೋಲಿಕೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅರ್ಧ ಲೆಕ್ಕ ಹಾಕಿದರೆ ಮೋಸಹೋಗುವವರು ನಾವೇ.

ಮೊದಲು ಅಳತೆ ಒಂದಾಗಬೇಕು. ದಕ್ಷಿಣ ಕನ್ನಡದಲ್ಲಿ ತೆಂಗಿನಕಾಯಿಯನ್ನು ತೂಗಿ ಮಾರುತ್ತಾರೆ, ಇಲ್ಲಿ ಎಣಿಸಿ ಮಾರುತ್ತಾರೆ. ಕಿಲೋದ ದರವನ್ನು ಒಂದು ಕಾಯಿಯ ದರದೊಡನೆ ಹೋಲಿಸಿದರೆ ಏನು ತಿಳಿದೀತು? ಊರ ಮನೆಗೆ ಅಕ್ಕಿ ಮೂಟೆಯಲ್ಲಿ ಬರುತ್ತದೆ. ಇಲ್ಲಿ ಮೂಟೆ ಇಡಲು ಜಾಗವಿಲ್ಲ, ಒಮ್ಮೆಗೇ ಕೊಡಲು ಹಣವೂ ಇಲ್ಲ. ಕಾಲು ಕಿಲೋ, ಅರ್ಧ ಕಿಲೋ ತಂದವನು ಅದೇ ಸಾಮಾನಿಗೆ ಹೆಚ್ಚು ತೆರುತ್ತಾನೆ.

ಸರಕಾರದ ಸೂಚ್ಯಂಕವನ್ನೂ ಅರಿತು ಓದಬೇಕು. ಗಿರಣಿ ಬಂಧುಗಳ ತುಟ್ಟಿಭತ್ಯೆ ಇಂಥ ಅಂಕದ ಮೇಲೆಯೇ ನಿಂತದ್ದು. ಇಂದು ಕಾರ್ಮಿಕ ಬ್ಯೂರೋ ದೇಶದ 88 ಕೇಂದ್ರಗಳಲ್ಲಿ 2016ನೆಯ ವರ್ಷವನ್ನು 100 ಎಂದು ಹಿಡಿದು ಅಂಕ ತೆಗೆಯುತ್ತದೆ. ಮುಂಬಯಿಯ ಅಂಕ ಬೆಂಗಳೂರಿನದಕ್ಕಿಂತ ಕಡಿಮೆ ಕಂಡರೆ ಮುಂಬಯಿ ಅಗ್ಗವೆಂದು ಅರ್ಥವಲ್ಲ. ಆಯಾ ಊರಿನ ಕ್ರಯ ತನ್ನ 2016ರ ಮಟ್ಟದಿಂದ ಎಷ್ಟು ಏರಿತೆಂದಷ್ಟೇ ಅದು ಹೇಳುತ್ತದೆ. ಒಂದೂರನ್ನು ಇನ್ನೊಂದೂರಿನೊಡನೆ ತೂಗುವ ತಕ್ಕಡಿ ಅದಲ್ಲ.

ಇನ್ನು ಮುಖ್ಯ ಮಾತು. ಹೋಟೆಲಿನ ಧಣಿಗಳು, "ನಿಮಗೇನಪ್ಪ, ಊಟ ನಮ್ಮದೇ. ಜೀನಸಿನ ಚಿಂತೆ ನಿಮಗೇಕೆ?" ಎನ್ನುತ್ತಾರೆ. ಊಟ ಕೊಡುವುದು ನಿಜ. ಆದರೆ ಆ ಅನ್ನ ನಮ್ಮೊಬ್ಬರ ಹೊಟ್ಟೆಗೆ. ಊರಲ್ಲಿ ತಾಯಿ, ಹೆಂಡತಿ, ಮಕ್ಕಳ ಒಲೆ ಬೇರೆ ಉರಿಯಬೇಕಲ್ಲ! ಊಟದ ಹೆಸರಿನಲ್ಲಿ ಸಂಬಳ ಇಳಿಸಿದರೆ ಕಡಿಮೆಯಾಗುವುದು ಆ ಒಲೆಯ ಅಕ್ಕಿ. ಸಂಸಾರವನ್ನು ಇಲ್ಲಿಗೇ ತಂದವನಿಗಂತೂ ಖೋಲಿಯ ಬಾಡಿಗೆ ಮೊದಲು, ಬೇಳೆ ಆಮೇಲೆ.

ಈ ಎರಡು ಒಲೆಗಳಿಗೆ ಇರುವ ಒಂದು ಅನುಕೂಲವನ್ನು ನಮ್ಮವರು ಬಿಡಬಾರದು. 2019ರಲ್ಲಿ ಮೊದಲಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದ "ಒಂದು ದೇಶ, ಒಂದು ರೇಶನ್ ಕಾರ್ಡು" ಯೋಜನೆಯಂತೆ, ಆಹಾರ ಭದ್ರತಾ ಕಾಯಿದೆಗೆ ಸೇರಿದ ಊರಿನ ಕಾರ್ಡಿನ ಮೇಲೆ ಇಲ್ಲಿಯೂ ಧಾನ್ಯ ಪಡೆಯಬಹುದು. ಆಧಾರ್ ಜೋಡಣೆಯಾಗಿರಬೇಕು. ಬಿಪಿಎಲ್ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕಿಲೋ. 2023ರ ಜನವರಿಯಿಂದ ಅದಕ್ಕೆ ಕ್ರಯವಿಲ್ಲ. ನಮ್ಮ ಪಾಲನ್ನು ಇಲ್ಲಿ ಪಡೆದು ಉಳಿದದ್ದನ್ನು ಮನೆಯವರು ಊರಲ್ಲಿ ಪಡೆಯಲೂ ಅವಕಾಶವಿದೆ. ಆದರೆ ಇಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ಸರಕಾರ ಸೇರಿಸುವ ಹೆಚ್ಚಿನ ಪಾಲು ಸಿಗದು. ದುಡಿಯಲು ಊರು ಬಿಟ್ಟವನು ಆ ಪಾಲನ್ನೂ ಬಿಡಬೇಕೆಂಬುದು ಯಾವ ನ್ಯಾಯ? ಇದನ್ನು ಎರಡೂ ಸರಕಾರಗಳಿಗೆ ನಾವು ಕೇಳಬೇಕು.

ಆದುದರಿಂದ ಒಂದು ತಿಂಗಳು ಪ್ರತಿಯೊಬ್ಬರೂ ಲೆಕ್ಕ ಬರೆಯಿರಿ. ಒಂದು ಪುಟದಲ್ಲಿ ಇಲ್ಲಿಯ ಖರ್ಚು, ಎದುರು ಪುಟದಲ್ಲಿ ಊರಿಗೆ ಕಳಿಸಿದ ಹಣ ಮತ್ತು ಅಲ್ಲಿ ಅದರಿಂದ ಬಂದ ಸಾಮಾನು. ಬರೆಯಲು ಬಾರದವರಿಗೆ ಪಕ್ಕದ ಖೋಲಿಯವರು ಬರೆದುಕೊಡಲಿ. ಸಂಬಳದ ಮಾತುಕತೆಗೆ ಕೂರುವಾಗ ಧಣಿಗಳ ಕೈಯಲ್ಲಿ ಲೆಕ್ಕದ ಪುಸ್ತಕವಿರುತ್ತದೆ. ನಮ್ಮ ಕೈಯಲ್ಲೂ ಇರಲಿ.