ದತ್ತನೋ, ಕ್ರೀತನೋ?

ಹೊರದೇಶಗಳಿಗೆ ದತ್ತು ಹೋದ ಮಕ್ಕಳ ವಿಷಯದಲ್ಲಿ ಮೋಸ ನಡೆದಿದೆಯೆಂಬ ಸುದ್ದಿ ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಓದಿದವರಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡದವರು, "ಇದೆಲ್ಲವೂ ಮಕ್ಕಳ ವ್ಯಾಪಾರ, ನಿಲ್ಲಿಸಿಬಿಡಬೇಕು" ಎನ್ನುತ್ತಾರೆ. ಇನ್ನೊಂದು ಪಂಗಡದವರು, "ಎಲ್ಲೋ ನಾಲ್ಕು ಕಡೆ ತಪ್ಪಾಗಿರಬಹುದು; ಬೀದಿಯಲ್ಲಿ ಬೀಳಬೇಕಾಗಿದ್ದ ಮಗು ಒಳ್ಳೆಯ ಮನೆಯಲ್ಲಿ ಬೆಳೆದು ದೊಡ್ಡ ಮನುಷ್ಯನಾಯಿತಲ್ಲ, ಇನ್ನೇನು ಬೇಕು?" ಎಂದು ಕೇಳುತ್ತಾರೆ. ಮೊದಲನೆಯದು ಆತುರ. ಎರಡನೆಯದು ಔದಾರ್ಯದಂತೆ ತೋರುತ್ತದೆ. ಸಭ್ಯರಲ್ಲಿ ಅದಕ್ಕೇ ಮನ್ನಣೆ ಹೆಚ್ಚು. ಆದ್ದರಿಂದ ನನ್ನ ಜಗಳವೂ ಮುಖ್ಯವಾಗಿ ಅದರೊಡನೆಯೇ.

ಆತುರದವರಿಗೆ ಮೊದಲು ಒಂದು ಮಾತು. ಪರದೇಶದವರು ಮಕ್ಕಳನ್ನು ಕದ್ದು ಅಂಗಾಂಗಗಳನ್ನು ಮಾರುತ್ತಾರೆಂಬ ವದಂತಿ ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ಹಬ್ಬಿತ್ತು. 1994ರಲ್ಲಿ ಅದನ್ನು ನಂಬಿದ ಗುಂಪೊಂದು ನಿರಪರಾಧಿಯಾದ ಅಮೆರಿಕನ್ ಮಹಿಳೆಯೊಬ್ಬಳನ್ನು ಜೀವ ಹೋಗುವ ಹಾಗೆ ಬಡಿಯಿತು. ವದಂತಿ ಸುಳ್ಳಾಗಿತ್ತು. ನಿಜವಾದ ಅನ್ಯಾಯ ನಡೆಯುತ್ತಿದ್ದುದು ಅದೇ ದೇಶದ ವಕೀಲರ ಕಚೇರಿಗಳಲ್ಲಿ. ನ್ಯಾಯಾಧೀಶರ ಮುಂದೆ ಹೋಗದೆ ನೋಟರಿಯ ಮೂಲಕವೇ ದತ್ತು ಮುಗಿಸುವ ಅವಕಾಶ ಅಲ್ಲಿತ್ತು. 2007ರ ವೇಳೆಗೆ ಆ ದೇಶದಲ್ಲಿ ಹುಟ್ಟಿದ ಸುಮಾರು ನೂರು ಮಕ್ಕಳಲ್ಲಿ ಒಂದು ಅಮೆರಿಕಕ್ಕೆ ಹೋಗುತ್ತಿತ್ತು. ಆ ವರ್ಷದ ಕೊನೆಗೆ ಕಾನೂನು ಬದಲಾಯಿತು. ಉದ್ರೇಕದಿಂದ ಓದಿದವರು ಸುಳ್ಳನ್ನು ನಂಬಿ, ಕಾಗದದ ಕಳ್ಳತನವನ್ನು ಕಾಣದೆ ಹೋದರು.

ಈ ಕಾಗದದ ಕಳ್ಳತನವನ್ನು ಅರಿಯಲು ನಮ್ಮ ಹಳೆಯ ಧರ್ಮಶಾಸ್ತ್ರದ ಶಬ್ದಗಳು ನೆರವಾಗುತ್ತವೆ. ಮನುಸ್ಮೃತಿ 12 ಬಗೆಯ ಪುತ್ರರನ್ನು ಹೇಳುತ್ತದೆ. ತಂದೆ ತಾಯಿ ತಾವಾಗಿ ಕೊಟ್ಟವನು ದತ್ತ. ಅವರು ತೊರೆದುಬಿಟ್ಟವನು ಅಪವಿದ್ಧ. ಬೆಲೆ ಕೊಟ್ಟು ತಂದವನು ಕ್ರೀತ. ಆ ಶಾಸ್ತ್ರದಲ್ಲಿ ನಾವು ಇಂದು ಒಪ್ಪದ ಸಂಗತಿಗಳು ಎಷ್ಟೋ ಇವೆ. ಆದರೂ ಕೊಂಡುತಂದವನನ್ನು ಕೊಂಡುತಂದವನೆಂದೇ ಕರೆಯುವ ಪ್ರಾಮಾಣಿಕತೆ ಅದಕ್ಕಿತ್ತು. ಇಂದಿನ ಆರೋಪವೇನೆಂದರೆ, ತಾಯಿಯಿದ್ದ ಮಗುವನ್ನು ಅಪವಿದ್ಧನೆಂದೂ ಕ್ರೀತನನ್ನು ದತ್ತನೆಂದೂ ಬರೆದು ಮೊಹರು ಒತ್ತಲಾಯಿತು ಎಂಬುದು.

ದಕ್ಷಿಣ ಕೊರಿಯಾದಲ್ಲಿ ಬಯಲಾದದ್ದು ಇದೇ. 1955ರಿಂದ 1999ರ ವರೆಗೆ ಅಲ್ಲಿಂದ 1,40,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ಹೋದರು. 1985ನೆಯ ವರ್ಷವೊಂದರಲ್ಲೇ ಹೋದವರು 8,800ಕ್ಕೂ ಹೆಚ್ಚು. ಆಗ ಯುದ್ಧ ಮುಗಿದು ಮೂವತ್ತು ವರ್ಷ ಕಳೆದಿತ್ತು. ದೊಡ್ಡವರಾದ ಆ ಮಕ್ಕಳಲ್ಲಿ 367 ಮಂದಿ ಅಲ್ಲಿನ ಸತ್ಯಶೋಧನ ಆಯೋಗಕ್ಕೆ ದೂರು ಕೊಟ್ಟರು. 2025ರ ಮಾರ್ಚ್ ತಿಂಗಳಲ್ಲಿ ಆಯೋಗ ತನ್ನ ನಿರ್ಣಯವನ್ನು ತಿಳಿಸಿತು: ತಂದೆ ತಾಯಿ ಇದ್ದವರನ್ನು ಅನಾಥರೆಂದು ಬರೆದದ್ದುಂಟು, ಒಂದು ಮಗುವಿನ ಹೆಸರಿನಲ್ಲಿ ಇನ್ನೊಂದನ್ನು ಕಳುಹಿಸಿದ್ದುಂಟು, ಹೆತ್ತವರ ಒಪ್ಪಿಗೆಯನ್ನು ಸರಿಯಾಗಿ ಪಡೆಯದಿದ್ದುದುಂಟು. ಅದೇ ವರ್ಷ ಅಕ್ಟೋಬರಿನಲ್ಲಿ ದೇಶದ ಅಧ್ಯಕ್ಷರೇ ಕ್ಷಮೆ ಕೇಳಿದರು.

ಔದಾರ್ಯದವರು ಇಲ್ಲಿ ಒಂದು ಲೆಕ್ಕ ತೆಗೆಯಬಹುದು. ಆಯೋಗ ಆಗ ನೋಡಿದ್ದು 98 ಪ್ರಕರಣ, ಒಪ್ಪಿದ್ದು 56. ಉಳಿದ 42 ಸಾಬೀತಾಗಲಿಲ್ಲವಲ್ಲ? ಹೌದು, ದಾಖಲೆಗಳು ಸಾಲದೆಂದು ಅವನ್ನು ತಡೆಹಿಡಿಯಲಾಯಿತು. ಆದರೆ ದಾಖಲೆ ಬರೆದವರು ಯಾರು? ಯಾರ ಮೇಲೆ ದೂರಿದೆಯೋ ಆ ಸಂಸ್ಥೆಗಳೇ. ಮಳಿಗೆಯ ಗುಮಾಸ್ತನ ಮೇಲೆ ಅನುಮಾನ ಬಂದಾಗ, ಅವನೇ ಹರಿದ ಲೆಕ್ಕದ ಪುಸ್ತಕವನ್ನು ಅವನ ಪರವಾದ ಸಾಕ್ಷಿಯೆಂದು ಯಾವ ಯಜಮಾನನೂ ಒಪ್ಪಲಾರ.

ಇನ್ನು ಮಗುವಿನ ಸುಖದ ವಾದ. ಮಗು ಸುಖವಾಗಿ ಬೆಳೆದಿದ್ದರೆ ಆ ಕೀರ್ತಿ ಸಾಕಿದ ತಂದೆ ತಾಯಿಯರದು. ಅವರಲ್ಲಿ ಎಷ್ಟೋ ಮಂದಿ ಕಾಗದವನ್ನು ನಂಬಿ ಮೋಸಹೋದವರೇ. ಅವರ ವಾತ್ಸಲ್ಯವನ್ನು ತಂದು ಮಧ್ಯಸ್ಥನ ಸುಳ್ಳಿಗೆ ಹೊದಿಸುವುದು ಅವರಿಗೂ ಅವಮಾನ. ಅಲ್ಲದೆ, "ಮಗು ಸುಖವಾಗಿದೆ" ಎಂಬ ಮಾತು ಹೆತ್ತವಳಿಗೆ ಯಾವ ಉತ್ತರವನ್ನೂ ಕೊಡುವುದಿಲ್ಲ. ಬಡವಳ ಮಗು ಸಿರಿವಂತರ ಮನೆಯಲ್ಲಿ ಸುಖವಾಗಿರುತ್ತದೆಂಬ ಕಾರಣ ಸಾಕಾಗುವುದಾದರೆ, ಯಾವ ಬಡವಳ ಮಡಿಲಿಗೂ ಭದ್ರತೆಯಿಲ್ಲ. 2005ರಲ್ಲಿ ಚೆನ್ನೈಯ ಪೊಲೀಸರು ಬಯಲಿಗೆ ತಂದ ಪ್ರಕರಣದಲ್ಲಿ, ಕೊಳೆಗೇರಿಗಳಿಂದ ಕದ್ದ ಮಕ್ಕಳು ದತ್ತಕ ಸಂಸ್ಥೆಯೊಂದರ ಮೂಲಕ ಹೊರದೇಶಕ್ಕೆ ಹೋಗಿದ್ದರು. ಆ ತಾಯಂದಿರು ಕೊಟ್ಟವರಲ್ಲ, ತೊರೆದವರಲ್ಲ, ಮಾರಿದವರೂ ಅಲ್ಲ. ಅವರ ಮಕ್ಕಳಿಗೆ ಸ್ಮೃತಿಯ 12 ಹೆಸರುಗಳಲ್ಲಿ ಒಂದೂ ಹೊಂದುವುದಿಲ್ಲ.

ಹಾಗಾದರೆ ಇಂಥ ಸುದ್ದಿಯನ್ನು ತೂಗುವುದು ಹೇಗೆ? ನಮ್ಮ ಸುಪ್ರೀಂ ಕೋರ್ಟೇ ಒಮ್ಮೆ ತೋರಿಸಿಕೊಟ್ಟಿದೆ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು, ಭಾರತದ ಮಕ್ಕಳನ್ನು ವಿದೇಶೀಯರಿಗೆ ದತ್ತು ಕೊಡುವುದರಲ್ಲಿ ಅಕ್ರಮಗಳಿವೆಯೆಂದು ನ್ಯಾಯಾಲಯಕ್ಕೆ ಪತ್ರ ಬರೆದರು. ಅದಕ್ಕೆ ಆಧಾರ ವಿದೇಶೀ ಪತ್ರಿಕೆಯೊಂದರ ವರದಿ. ನ್ಯಾಯಾಲಯ ಅದನ್ನು ವೇದವಾಕ್ಯವೆಂದು ನಂಬಲಿಲ್ಲ, ಪತ್ರಿಕೆಯ ಗದ್ದಲವೆಂದು ಬುಟ್ಟಿಗೂ ಎಸೆಯಲಿಲ್ಲ. ಪತ್ರವನ್ನೇ ಅರ್ಜಿಯೆಂದು ಎಣಿಸಿ, ಸರ್ಕಾರಕ್ಕೂ ಮಕ್ಕಳ ಹಿತಸಂಸ್ಥೆಗಳಿಗೂ ನೋಟೀಸು ಕಳುಹಿಸಿ, ದೇಶವಿದೇಶಗಳ ಸಂಸ್ಥೆಗಳ ಮಾತನ್ನು ಕೇಳಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಕೊಟ್ಟ ತೀರ್ಪು ವಿದೇಶೀ ದತ್ತಕವನ್ನು ನಿಷೇಧಿಸಲಿಲ್ಲ. ಮೊದಲು ದೇಶದೊಳಗೇ ಮನೆ ಹುಡುಕಬೇಕೆಂದಿತು. ಹೆರಿಗೆಗೆ ಮುಂಚೆಯಾಗಲಿ ಹೆರಿಗೆಯಾದ ಮೂರು ತಿಂಗಳೊಳಗಾಗಲಿ ತಾಯಿಯಿಂದ ಮಗುವನ್ನು ಬಿಟ್ಟುಕೊಡುವ ನಿರ್ಧಾರ ಪಡೆಯಬಾರದೆಂದಿತು. ಅದರ ಫಲವಾಗಿಯೇ 1990ರಲ್ಲಿ ಕೇಂದ್ರ ದತ್ತಕ ಸಂಸ್ಥೆ ಹುಟ್ಟಿತು. ಚೆನ್ನೈಯಲ್ಲಿ ಬಯಲಾದ ಕಳವು ಈ ನಿಯಮಗಳೆಲ್ಲ ಇದ್ದಾಗಲೇ ನಡೆದದ್ದು. ನಿಯಮ ಬರೆದ ಮೇಲೆಯೂ ಕೇಳುವವರು ಬೇಕು.

ಮನೆಯಲ್ಲಿ ಕುಳಿತು ಪತ್ರಿಕೆ ಓದುವ ನಾವು ನೋಟೀಸು ಕಳುಹಿಸಲಾರೆವು. ಪ್ರಶ್ನೆ ಕೇಳಬಲ್ಲೆವು. ಹೇಳುತ್ತಿರುವವರು ಯಾರು: ವದಂತಿಯೋ, ದೂರುದಾರನೋ, ತನಿಖೆಯೋ, ತೀರ್ಪೋ? ಕಾಗದ ಯಾರ ವಶದಲ್ಲಿದೆ? ಹಣ ಯಾರ ಕೈಗೆ ಹೋಯಿತು? ಹೆತ್ತವಳ ಮಾತನ್ನು ಯಾರಾದರೂ ಕೇಳಿದರೋ? ಈ ನಾಲ್ಕಕ್ಕೆ ಉತ್ತರ ದೊರೆಯುವ ತನಕ, ಮಗು ಎಷ್ಟು ಸುಖವಾಗಿದೆಯೆಂದು ಹೇಳಿ ನಮ್ಮನ್ನು ಸುಮ್ಮನಿರಿಸಲು ಯಾರಿಗೂ ಅಧಿಕಾರವಿಲ್ಲ.