ಹೊಳೆಯ ಆಯುಸ್ಸು ಹಾಡಿಯ ಕೈಯಲ್ಲಿ

ಸೀತಾನದಿ ಆಗುಂಬೆ ಘಟ್ಟದ ಸೀಮೆಯಲ್ಲಿ ಹುಟ್ಟಿ, ಸೋಮೇಶ್ವರ ಅಭಯಾರಣ್ಯದ ಕಾಡು ದಾಟಿ, ಹೆಬ್ರಿ, ಕೊಕ್ಕರ್ಣೆ, ನೀಲಾವರ, ಬಾರ್ಕೂರಿನ ಕಡೆಯಿಂದ ಕಡಲಿಗೆ ಇಳಿಯುತ್ತದೆ. ಘಟ್ಟದ ಮೇಲೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಕೆಳಗೆ ಕರಾವಳಿಯಲ್ಲಿ ನಾಲ್ಕು ಸಾವಿರದಷ್ಟು. ಇಷ್ಟು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲೂ ಏಪ್ರಿಲ್ ಬಂತೆಂದರೆ ಪಂಚಾಯತಿಗಳು ಟ್ಯಾಂಕರ್ ನೀರಿನ ಮೊರೆ ಹೋಗುತ್ತವೆ. 2019ರ ಬೇಸಿಗೆಯಲ್ಲಿ ಉಡುಪಿ ನಗರಕ್ಕೆ ನೀರುಣಿಸುವ ಬಜೆ ಅಣೆಕಟ್ಟು ಬರಿದಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಸುರಿದ ಮಳೆಗೆ ಅದೇ ಉಡುಪಿ ಮುಳುಗಿತು. ಎರಡನ್ನೂ ಬರೀ ಮಳೆಯ ತಲೆಗೆ ಕಟ್ಟುವಂತಿಲ್ಲ. ಬಿದ್ದ ನೀರನ್ನು ಹಿಡಿದಿಡುವ ನೆಲಕ್ಕೆ ಏನಾಗಿದೆ ಎಂದೂ ಕೇಳಬೇಕು.

ಈ ಪ್ರಶ್ನೆಯ ಬೆನ್ನು ಹತ್ತಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಟಿ.ವಿ. ರಾಮಚಂದ್ರ. ಬೆಂಗಳೂರಿನ ಕೆರೆಗಳ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ಹೆಸರು ಅದು. ಆದರೆ ಕರಾವಳಿಯವರು ಗಮನಿಸಬೇಕಾದ ಅವರ ಕೆಲಸ ನಡೆದದ್ದು ನೆರೆಯ ಉತ್ತರ ಕನ್ನಡದಲ್ಲಿ. ಕುಮಟಾದಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಕಿರಿಯ ಸಂಶೋಧಕರ ಜೊತೆ ಅವರು ಆ ಜಿಲ್ಲೆಯ ನೆಲವನ್ನು ದಶಕಗಳ ಉಪಗ್ರಹ ಚಿತ್ರಗಳಲ್ಲಿ ಓದಿದರು. 1973ರಲ್ಲಿ ಜಿಲ್ಲೆಯ ಸುಮಾರು ಶೇ 68ರಷ್ಟು ನೆಲದಲ್ಲಿ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡಿತ್ತು. 2013ರ ಹೊತ್ತಿಗೆ ಉಳಿದದ್ದು ಶೇ 32ರಷ್ಟು.

ಅಷ್ಟಕ್ಕೇ ನಿಂತಿದ್ದರೆ ಅದು ಕಾಡು ಹೋಯಿತು ಎಂಬ ಇನ್ನೊಂದು ಹಳಹಳಿಕೆಯಾಗುತ್ತಿತ್ತು. ಈ ತಂಡ ಹಳ್ಳಗಳ ಬಳಿಗೂ ಹೋಯಿತು. ಘಟ್ಟದ ಸಣ್ಣ ಸಣ್ಣ ಹಳ್ಳಗಳಲ್ಲಿ ಯಾವ ತಿಂಗಳವರೆಗೆ ನೀರು ಹರಿಯುತ್ತದೆ, ಆ ಹಳ್ಳಕ್ಕೆ ನೀರು ಕೊಡುವ ಇಳಿಜಾರಿನಲ್ಲಿ ಯಾವ ಮರಗಳಿವೆ, ಮಣ್ಣಿನಲ್ಲಿ ಎಷ್ಟು ತೇವವಿದೆ ಎಂದು ಅಳೆಯಿತು. ಸಿಕ್ಕ ಉತ್ತರ ಇದು: ಜಲಾನಯನದ ಶೇ 60ಕ್ಕಿಂತ ಹೆಚ್ಚು ಭಾಗ ಸ್ಥಳೀಯ ಜಾತಿಯ ಮರಗಳಿಂದ ತುಂಬಿದ್ದರೆ ಹಳ್ಳ ಹನ್ನೆರಡು ತಿಂಗಳೂ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪಿದ್ದಲ್ಲಿ ಆರೆಂಟು ತಿಂಗಳು. ಕಾಡು ಬೋಳಾದಲ್ಲಿ ಮಳೆಗಾಲದ ನಾಲ್ಕು ತಿಂಗಳು, ಅಷ್ಟೆ. ನಾನಾ ಬಗೆಯ ಬೇರುಗಳು, ಕೊಳೆತ ತರಗೆಲೆ ಮತ್ತು ಅದರೊಳಗಿನ ಜೀವಿಗಳು ಮಣ್ಣನ್ನು ಸಡಿಲವಾಗಿಡುತ್ತವೆ. ಜೂನಿನ ಮಳೆ ಒಳಗಿಳಿದು ಮಾರ್ಚಿನಲ್ಲಿ ಮೆಲ್ಲಗೆ ಒಸರುತ್ತದೆ. ಗಟ್ಟಿಯಾದ ನೆಲದ ಮೇಲೆ ಅದೇ ಮಳೆ ಕೆಂಪಾಗಿ ಓಡಿ ಹೋಗುತ್ತದೆ.

ಕೊಕ್ಕರ್ಣೆಯ ಸುತ್ತಿನ ಸೀಮೆಗೆ ಈ ಅಳತೆಗೋಲನ್ನು ಹಿಡಿದು ನೋಡಬೇಕು. ಬೈಲು, ಮಜಲು, ಬೆಟ್ಟು ಎಂದು ಮೂರು ಮೆಟ್ಟಿಲಲ್ಲಿ ಭತ್ತ ಬೆಳೆದು ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತಿದ್ದ ಗದ್ದೆಗಳು ಹಡಿಲು ಬಿದ್ದಿವೆ, ಇಲ್ಲವೇ ಮಣ್ಣು ತುಂಬಿಸಿಕೊಂಡು ಅಡಿಕೆ ತೋಟವಾಗಿವೆ, ಸೈಟಾಗಿವೆ. ಊರ ಪಕ್ಕದ ಕಾಡಾದ ಹಾಡಿಯ ಜಾಗದಲ್ಲಿ ರಬ್ಬರ್, ಅಕೇಶಿಯಾ ಎದ್ದಿವೆ. ಕೆಲವೆಡೆ ಮುರಕಲ್ಲಿನ ಪಣೆಗಳು ಗುಡ್ಡವನ್ನೇ ಕೊರೆದಿವೆ. ದೂರದಿಂದ ನೋಡಿದರೆ ಊರು ಈಗಲೂ ಹಸಿರೇ. ಹಸಿರಿದ್ದರೆ ಸಾಕು ಎಂಬ ಈ ಸಮಾಧಾನ ಸುಳ್ಳು ಎಂದು ಹಳ್ಳಗಳ ಅಧ್ಯಯನ ತೋರಿಸಿದೆ. ಹಾಗೆಂದು ಅಡಿಕೆ, ರಬ್ಬರ್ ಬೆಳೆದವರನ್ನು ಅಪರಾಧಿಗಳಂತೆ ನೋಡುವುದು ಅನ್ಯಾಯ. ಕೂಲಿಯಾಳು ಸಿಗದೆ, ಭತ್ತಕ್ಕೆ ಬೆಲೆ ಸಿಗದೆ ಅವರು ಆ ದಾರಿ ಹಿಡಿದರು. ಸರ್ಕಾರಿ ನೆಲದಲ್ಲಿ ಅಕೇಶಿಯಾ ನೆಟ್ಟವರಿಗೆ ಆ ಕಷ್ಟವಿರಲಿಲ್ಲ.

ನೆಲದ ಬಳಕೆ ಬದಲಾದರೆ ಕೆಡುವುದು ನೀರಷ್ಟೇ ಅಲ್ಲ, ಹವೆಯೂ ಹೌದು. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ 2019ರಲ್ಲಿ ನೆಲದ ಬಗ್ಗೆಯೇ ವಿಶೇಷ ವರದಿ ಕೊಟ್ಟು, ಮನುಷ್ಯರು ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಶೇ 23ರಷ್ಟು ಕೃಷಿ, ಅರಣ್ಯ ಮತ್ತಿತರ ಭೂಬಳಕೆಯಿಂದ ಬರುತ್ತದೆ ಎಂದಿತು.

ಇಷ್ಟೆಲ್ಲ ಗೊತ್ತಿದ್ದೂ ಕುಂದಾಪುರ, ಬೈಂದೂರು ಕಡೆ ನೆಲದ ವಿಜ್ಞಾನವೆಂದರೆ ಜನರಿಗೆ ನೆನಪಾಗುವುದು ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯೊಂದೇ, ಅದೂ ಭಯವಾಗಿ. ಅದಕ್ಕೂ ಮೊದಲು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಏನಾಗಬೇಕೆಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದಿತ್ತು. 2013ರಲ್ಲಿ ಬಂದ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ಹಿಡಿದು, ಸೂಕ್ಷ್ಮ ಪ್ರದೇಶ ಶೇ 20ರಷ್ಟಿದ್ದರೂ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಿತು. ವಯನಾಡಿನ ಭೂಕುಸಿತದ ಮರುದಿನ, 2024ರ ಜುಲೈ 31ರಂದು, ಸೂಕ್ಷ್ಮ ಪ್ರದೇಶ ಘೋಷಿಸುವ ಆರನೆಯ ಕರಡು ಅಧಿಸೂಚನೆ ಬಂತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಈ ಹಗ್ಗಜಗ್ಗಾಟದಲ್ಲಿ ತಮ್ಮ ಬಾವಿಗೂ ಮೇಲಿನ ಹಾಡಿಗೂ ಇರುವ ನಂಟನ್ನು ಊರಿನವರಿಗೆ ಯಾರೂ ಕೂತು ವಿವರಿಸಲಿಲ್ಲ.

ವಿಜ್ಞಾನಿಯ ಪ್ರಭಾವವನ್ನು ವಿಶ್ವವಿದ್ಯಾಲಯಗಳು ಅಳೆಯುವುದು ಅವರ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದರಿಂದ. ಆ ಎಣಿಕೆಗೆ ಸಿಗದ, ಊರಿನವರ ಜೊತೆ ನಿಂತ ವಿಜ್ಞಾನದ ಪ್ರಭಾವ ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯಲ್ಲಿದೆ. ಅಲ್ಲಿನ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ, ಅಳಿವೆಯ ಮೀನು, ಚಿಪ್ಪು, ಕಾಂಡ್ಲಾ ಕಾಡಿನಿಂದ ಎಷ್ಟು ಕುಟುಂಬಗಳ ಒಲೆ ಉರಿಯುತ್ತದೆ ಎಂದು ಹಳ್ಳಗಳನ್ನು ಅಳೆದ ಇದೇ ಸಂಶೋಧಕರು ಲೆಕ್ಕ ಹಾಕಿ ಮುಂದಿಟ್ಟರು. ಜನರ ವಿರೋಧಕ್ಕೆ ಅಂಕಿಅಂಶದ ಬಲ ಸಿಕ್ಕಿತು. ಸ್ಥಾವರ ಬರಲಿಲ್ಲ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು.

ಸೀತಾನದಿಯ ತೋಡುಗಳಿಗೂ ಅಂಥ ಲೆಕ್ಕ ಬೇಕು, ಅದಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ರಾಮಚಂದ್ರ ಅವರ ತಂಡ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯಲ್ಲಿ ನಡೆಸಿದ ಕೆರೆ ಸಮ್ಮೇಳನಗಳಲ್ಲಿ ಶಾಲಾ ಮಕ್ಕಳೇ ತಮ್ಮೂರಿನ ನೀರನ್ನು ಅಳೆದು ಪ್ರಬಂಧ ಮಂಡಿಸಿದ್ದಾರೆ. ಕೊಕ್ಕರ್ಣೆ ಆಸುಪಾಸಿನ ಶಾಲೆ, ಕಾಲೇಜುಗಳೂ ಇದನ್ನು ಮಾಡಬಲ್ಲವು: ಡಿಸೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಯಾವ ತೋಡು ಹರಿಯುತ್ತಿದೆ, ಯಾವುದು ನಿಂತಿತು, ಮೇಲ್ಗಡೆ ಏನಿದೆ ಎಂದು ಬರೆದಿಡುವುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ದಾಖಲೆ ಅದರ ಕೈಗೆ ಹೋಗಲಿ. ಮುಂದಿನ ಸಲ ಹಾಡಿಗೆ ಅಕೇಶಿಯಾ ಸಸಿಯೋ ಗುಡ್ಡಕ್ಕೆ ಪಣೆಯ ಅರ್ಜಿಯೋ ಬಂದಾಗ, ಆ ಇಳಿಜಾರಿನ ಕೆಳಗೆ ಯಾರ ಯಾರ ಬಾವಿಗಳಿವೆ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು.